ಬೇಡದ್ದನ್ನು ಅಳಿಸಿ

ವಿರಾಜಪೇಟೆಯಲ್ಲಿ ನನಗೆ ಸೈಟ್ ಸಿಸಿಲಿ ಅನ್ನುತ್ತಾರೆ,
ಎದುರಿಗೆ ಮಾತ್ರ ಸಿಸಿಲಿ ಬಾಯಿ.
ಗಡಿಯಾರ ಕಂಬದ ಹಿಂದೆ, ಮಹಡಿಯ ಮೇಲೆ
ಒಂದು ಮೇಜು, ಎರಡು ಕುರ್ಚಿ,
ಗೋಡೆಯ ಮೊಳೆಗೆ ಅಪ್ಪ ಪಾಸ್ಕಲ್ ಎಳೆದಾಡಿದ ಸರ್ವೆ ಸರಪಳಿ:
ಮೂವತ್ತಮೂರು ಅಡಿ, ಹದಿನಾರು ಆಣೆ.
ತುಕ್ಕು ಹಿಡಿದರೂ ಇದು ಒಂದಾಣೆ ಸುಳ್ಳು ಹೇಳಿಲ್ಲ
ಎನ್ನುತ್ತಿದ್ದ ಅಪ್ಪ. ಅಪ್ಪ
ಸ್ವಲ್ಪ ಸುಳ್ಳುಗಾರನೇ.

ಈ ಸಲ ಹೂಮಳೆಗೆ ಮುಂಚೆ
ತಂಗಿಯ ಮಗ ಲ್ಯಾನ್ಸಿ ಒಂದು ಚೀಲ ತಂದ.
ಕೆಂಪು ಚುಕ್ಕಿ ಹಾರಿಸಿ ದೂರ ಅಳೆಯುವ ಡಬ್ಬಿ.
ನಾಲ್ಕು ರೆಕ್ಕೆಯ ಡ್ರೋನು.
ಫೋಟೊ ತಿದ್ದುವ ಆ್ಯಪು, ಮೊದಲ ತಿಂಗಳು ಪುಕ್ಕಟೆ.
‘ಆಂಟಿ, ಆ ಸರಪಳಿ ಇನ್ನು ಗುಜರಿಗೆ.’

ಮಾರಾಟಕ್ಕಿದ್ದದ್ದು ಒಂಟಿಅಂಗಡಿಯಿಂದಾಚೆ ಎಂಬತ್ತು ಸೆಂಟು,
ಪೆಟ್ರೋಲ್ ಬಂಕಿನ ಬೊಳ್ಳಮ್ಮನದು.
ಎರಡನೇ ಬಂಕಿಗೆ ದುಡ್ಡು ಬೇಕಿತ್ತು ಆಕೆಗೆ,
ದುಃಖಗಿಕ್ಕವೇನೂ ಇರಲಿಲ್ಲ.

ಚುಕ್ಕಿ ಹೋಗಿ ರೋಬಸ್ಟಾ ಎಲೆಯ ಮೇಲೆ ಕೂತಿತು.
ಬೇಲಿ ನಾಲ್ಕು ಮೀಟರು.
ಗಾಳಿ ಬೀಸಿತು, ಎಲೆ ಸರಿಯಿತು, ಬೇಲಿ ಹದಿನೇಳು.
ಬೊಳ್ಳಮ್ಮನ ನಾಯಿ ಚುಕ್ಕಿಯ ಬೆನ್ನುಹತ್ತಿ
ಪಕ್ಕದವರ ತೋಟವನ್ನೂ ಅಳೆದು ಬಂತು.
ಡ್ರೋನು ಏರಿತು, ಚೆಂದವಾಗಿಯೇ ಏರಿತು,
ಅತ್ತಿ ಮರದ ಹೆಜ್ಜೇನಿಗೆ ಅದರ ಗುಂಯ್‌ಗುಟ್ಟುವಿಕೆ ಹಿಡಿಸಲಿಲ್ಲ.
ಜೀಪಿನ ಗಾಜು ಏರಿಸಿಕೊಂಡು
ಮುಕ್ಕಾಲು ಗಂಟೆ ಒಳಗೇ ಬೆಂದೆವು.
ಬಿದ್ದದ್ದನ್ನು ಕುಳಿಯ ಹುಡುಕಿ ತಂದ,
ಎರಡೂ ಕೈಯಲ್ಲಿ, ಸತ್ತ ಹಕ್ಕಿಯನ್ನು ತರುವಂತೆ.
‘ಹಾಗೇ ನಿಲ್ಲು,’ ಎಂದು ಲ್ಯಾನ್ಸಿ ಫೋನಿನಲ್ಲಿ ಫೋಟೊ ತೆಗೆದ.

ರಾತ್ರಿ ಆ್ಯಪು ತೆರೆದೆ.
ಬೇಡದ್ದನ್ನು ಅಳಿಸಿ, ಎಂದಿತು ಒಂದು ಗುಂಡಿ.
ಬೆರಳಾಡಿಸಿದೆ: ಕರೆಂಟು ತಂತಿ ಹೋಯಿತು.
ಆನೆ ಕೆಡವಿದ ಗೂಟ ಹೋಯಿತು,
ಲದ್ದಿ ಇದ್ದಲ್ಲಿ ಹುಲ್ಲು.
ಆಕಾಶವೂ ಸಪ್ಪೆ ಎನಿಸಿ ಬೇರೆ ಹಾಕಿದೆ,
ಯಾವ ಸೀಮೆಯದೋ ಅದು,
ನಮ್ಮ ಮೋಡಗಳಿಗೆ ಅಷ್ಟು ಸೈರಣೆ ಎಲ್ಲಿಯದು.

ಮೂಲೆಯಲ್ಲಿ ಕುಳಿಯ,
ಅವನ ಹಿಂದೆ ಅವನ ಲೈನ್‌ಮನೆಯ ಹಂಚು.
ಬೆರಳು ಒಂದು ಗಳಿಗೆ ನಿಂತಿತು. ನಿಂತದ್ದು ನಿಜ.
ಆಮೇಲೆ ಉಜ್ಜಿದೆ.
ಅವನಿದ್ದಲ್ಲಿ ಕಾಫಿಗಿಡ ಬೆಳೆಯಿತು,
ಒಂದೆಲೆಗೂ ರೋಗವಿಲ್ಲದ್ದು.

ಮೇರೆ ಗುರುತಿಸುವ ದಿನ
ಸಿಲ್ವರ್ ಓಕಿನ ಅಡಿಯಲ್ಲಿ ಉಪಗ್ರಹಕ್ಕೆ ತಲೆ ತಿರುಗಿ
ನಾವು ಮೂವರೂ ಕೆರೆಯ ನಡುವೆ ನಿಂತಿದ್ದೇವೆ ಎಂದಿತು ಫೋನು.
ಲ್ಯಾನ್ಸಿ ಅದನ್ನು ಕುಲುಕಿದ, ಎತ್ತಿ ಹಿಡಿದ, ಆಫ್ ಮಾಡಿ ಆನ್ ಮಾಡಿದ.
ಕುಳಿಯ ಬೀಡಿ ಆರಿಸಿ
ಕಂದಕದ ಬದಿಗೆ ಹನ್ನೊಂದು ಹೆಜ್ಜೆ ನಡೆದು
ಹಿಮ್ಮಡಿಯಿಂದ ತರಗೆಲೆ ಸರಿಸಿದ.
ಕಲ್ಲು.
ತಲೆಯ ಮೇಲೆ ಹಾವಸೆ, ಹಾವಸೆಯಡಿ ಕೂಡು ಗುರುತು.
‘ಯಾರು ತೋರಿಸಿದ್ದು ನಿನಗೆ?’ ಕೇಳಿದೆ.
‘ಇದನ್ನ ಹೊತ್ತು ತಂದದ್ದು ನಮ್ಮಜ್ಜ.’

ಕೊಳ್ಳುವವರು ಮೈಸೂರಿನ ಹಲ್ಲಿನ ಡಾಕ್ಟರು.
ಸಂಜೆ ಫೋನು ಮಾಡಿದರು.
‘ಫೋಟೊ ಎಲ್ಲ ಚೆನ್ನಾಗಿದೆ ಮೇಡಂ,
ಆ ಮೂಲೆಯಲ್ಲಿ, ನೆಲದ ಮೇಲೆ,
ಕಪ್ಪಗೆ ಉದ್ದಕ್ಕೆ ಇದೆಯಲ್ಲ, ಅದೇನು? ಹೊಂಡವೇ?’

ದೊಡ್ಡದು ಮಾಡಿ ನೋಡಿದೆ.
ಆ್ಯಪು ಆಳನ್ನು ಅಳಿಸಿತ್ತು,
ನೆರಳನ್ನು ಮರೆತಿತ್ತು.
ಸೊಂಟದ ಕತ್ತಿ ಸಮೇತ, ಕೈಯಲ್ಲಿ ನಾಲ್ಕು ರೆಕ್ಕೆ ಸಮೇತ,
ಬೊಳ್ಳಮ್ಮನ ಎಂಬತ್ತು ಸೆಂಟಿನೊಳಕ್ಕೆ
ಕಾಲು ಚಾಚಿ ಮಲಗಿತ್ತು ಅದು.

ಯಾಕೋ ಗೋಡೆಯ ಸರಪಳಿಯತ್ತ ನೋಡಿದೆ.
‘ಹೊಂಡ ಅಲ್ಲ ಡಾಕ್ಟ್ರೇ,’ ಅಂದೆ,
‘ಅದು ಮೇರೆ ಗೊತ್ತಿರುವವನು.’

ಆ ಕಡೆ ಸದ್ದಿಲ್ಲ.
ನೆಟ್‌ವರ್ಕು ಹೋಯಿತೋ, ಅವರು ಸುಮ್ಮನಾದರೋ.
ಹಲೋ, ಅಂದೆ. ಹಲೋ.