ಎಲ್ಲಿಗೂ ಹೋಗದ ಮೆಟ್ಟಿಲು

ತಲೆ ಬಗ್ಗಿಸಿ ಬನ್ನಿ, ಬಾಗಿಲು ಗಿಡ್ಡ.
ಈ ಬೀಗದಕೈ ನಮ್ಮತ್ತೆಯದು, ಅದಕ್ಕೂ ಮೊದಲು
ಅವರತ್ತೆಯದು; ಸ್ಟ್ರಾಕನ್ ಮನೆಗೆ ಬಂದ ಸೊಸೆಯರಿಗೆ
ಒಡವೆ ಅಂತ ಸಿಕ್ಕಿದ್ದು ಇದೊಂದೇ ಕಬ್ಬಿಣ.

ಬೀದಿಯ ಕಡೆ ಕಿಟಕಿ ಇಲ್ಲ, ಗಮನಿಸಿದಿರಾ?
ಕಟ್ಟುವ ಹೊತ್ತಿಗೆ ಕಾನೂನು ರದ್ದಾಗಿತ್ತು, ನಿಜ.
ನಲವತ್ತೈದು ವರ್ಷ ಬಗ್ಗಿದ ಬೆನ್ನು
ಒಂದು ಸಹಿಗೆ ನೆಟ್ಟಗಾದೀತೇ?
ಬೆಳಕೆಲ್ಲ ಕಡಲ ಕಡೆಯಿಂದಲೇ,
ಕದ್ದು ತಂದ ಸರಕಿನ ಹಾಗೆ.

ಸ್ಕಾಟ್ಲೆಂಡಿನಲ್ಲಿ ನಮ್ಮನ್ನು ಎಪಿಸ್ಕೋಪಲ್ ಎನ್ನುತ್ತಾರೆ,
ಬಿಷಪ್ಪರ ಒಕ್ಕಲು. ಹೊಸ ದೊರೆಯ ಹೆಸರು
ಪ್ರಾರ್ಥನೆಯಲ್ಲಿ ಬರಬೇಕೆಂದಾಗ
ನಮ್ಮವರಿಗೆಲ್ಲ ಕೆಮ್ಮು ಬಂತಂತೆ.
ಕೆಂಪಂಗಿಯ ಸಿಪಾಯಿಗಳು ಪ್ರಾರ್ಥನೆಯ ಮನೆ ಸುಟ್ಟರು,
ಬೆಂಚುಗಳ ಕೆಂಡದಲ್ಲಿ ಮೀನು ಬೇಯಿಸಿ ತಿಂದರು.
ಆಮೇಲೆ ಕಾನೂನು: ಮನೆಯವರಲ್ಲದೆ ನಾಲ್ವರು ಕೂಡಬಹುದು.
ಐದನೆಯವನು ಹೊಸ್ತಿಲು ದಾಟಿದರೆ ಪಾದ್ರಿಗೆ ಸೆರೆ.

ಪಾದ್ರಿ ಲಮ್ಸ್‌ಡನ್ ಲೆಕ್ಕದಲ್ಲಿ ಜಾಣ.
ಮೀನುಪೇಟೆಯಲ್ಲಿ ಮೂರಂತಸ್ತಿನ ಮನೆ, ಆರು ಕೋಣೆ,
ಕೋಣೆಗೊಂದು ಸಂಸಾರ, ಸಂಸಾರಕ್ಕೆ ನಾಲ್ವರು ನೆಂಟರು.
ಅವನು ನಡುಮೆಟ್ಟಿಲ ಮೇಲೆ ನಿಂತು
ಯಾರ ಮುಖವನ್ನೂ ನೋಡದೆ ಓದುತ್ತಿದ್ದ.
ಬಾಗಿಲುಗಳು ಒಂದು ಬೆರಳಷ್ಟು ತೆರೆದು
ಆಮೆನ್ ಎನ್ನುತ್ತಿದ್ದವು.

ಅದಕ್ಕೇ ಈ ಏಳು ಮೆಟ್ಟಿಲು. ಕಲ್ಲುಕುಟಿಗ ಡೇವಿ ಮಿಲ್ನ್
ಅಂಥದೊಂದು ಕೋಣೆಯಲ್ಲಿ ಹುಟ್ಟಿದವನು,
ಪಾದ್ರಿ ಎಂದರೆ ಬರೀ ದನಿ ಎಂದುಕೊಂಡು ಬೆಳೆದವನು.
ಗ್ರಾನೈಟ್ ಕಡಿದು ಗೋಡೆಗೆ ಹಚ್ಚಿದ.
ಹತ್ತಿ ನೋಡಿ. ಅಟ್ಟವಿಲ್ಲ, ಗಂಟೆಯ ಹಗ್ಗವಿಲ್ಲ,
ಸುಣ್ಣದ ಗೋಡೆ, ಅಷ್ಟೇ.

ಮುಂದೆ ಹೆರಿಂಗ್ ಮೀನಿನ ದುಡ್ಡು ಬಂತು, ಬಣ್ಣದ ಗಾಜು ಬಂತು,
ಒಂದು ಉಗುರಿಲ್ಲದ ಈ ಹಿತ್ತಾಳೆ ಹದ್ದೂ ಬಂತು.
ಎಡಿನ್‌ಬರೋದ ವಾಸ್ತುಶಿಲ್ಪಿ ಅಳೆದು ನೋಡಿ
ಇದನ್ನು ಕಿತ್ತರೆ ಹನ್ನೆರಡು ಜನ ಕೂರಬಹುದು ಎಂದ.
ಊರು ಅವನಿಗೆ ಒಳ್ಳೆಯ ಊಟ ಹಾಕಿ ಕಳಿಸಿತು.

ಹೋದ ಭಾನುವಾರ ನಾವು ನಾಲ್ವರು.
ನಾನು, ಗಿಲ್ಬರ್ಟ್, ಕಿವಿ ಕೇಳದ ಯೂಫೇಮಿಯಾ,
ಅವಳ ಗಾಲಿಕುರ್ಚಿ ತಳ್ಳುವ ನರ್ಸ್ ಹುಡುಗಿ.
ಕಾನೂನಿಗೆ ಸರಿಯಾಗಿ.
ಪಾದ್ರಿ, ಈಗ ಹೆಣ್ಣುಮಗಳು,
ಆ ಮೆಟ್ಟಿಲ ಮೇಲೆ ಛತ್ರಿ ಒಣಗಲು ಬಿಟ್ಟಿದ್ದಳು.

ಬಾಗಿಲು ಪೂರ್ತಿ ಎಳೆಯಬೇಡಿ, ಹೋಗುವಾಗ.
ಗಾಳಿ ಬರುತ್ತದೆ, ಬರಲಿ. ಒಂದು ಬೆರಳಷ್ಟು ಇರಲಿ.
ಐದನೆಯವರು ಯಾರಾದರೂ ಬಂದಾರು,
ಒಂದು ಅಪರಾಧವಾದರೂ ಆದೀತು.