ಒಂದು ಕಡಿಮೆ

ಗುಂಡಿನ ಸುರಿಮಳೆ ಅನ್ನುತ್ತೇವೆ, ಸಲೀಸಾಗಿ.
ಮಳೆಯಾದರೆ ತಾನೇ ಹರಿದುಹೋಗುತ್ತದೆ.
ಇದನ್ನು ಗುಡಿಸಬೇಕು.

ಗುಡಿಸುವವಳು ದೊಬ್ರಿಂಕಾ.
ಸೋಫಿಯಾದ ಹೊರಗೆ, ಬೆಟ್ಟದ ಬುಡದ ಸ್ಟುಡಿಯೋದಲ್ಲಿ
ಪ್ಲೈವುಡ್ಡಿನದೊಂದು ಮರಳುಗಾಡಿನ ಪಟ್ಟಣ.
ಹೋದ ವರ್ಷ ಅದು ಬೇರೆ ದೇಶವಾಗಿತ್ತು,
ಈ ವರ್ಷ ಅಂಗಡಿ ಫಲಕದ ಲಿಪಿ ಬದಲಾಗಿದೆ.
ಹಿಂದಿನಿಂದ ನೋಡಿದರೆ ಬರೀ ಮೊಳೆ, ಆಸರೆಗೋಲು.

ಕಟ್ ಎಂದೊಡನೆ, ಹೊಗೆ ಇಳಿಯುವ ಮುಂಚೆ,
ಪೊರಕೆ ಬಕೆಟ್ಟು ಹಿಡಿದು ಬರುತ್ತಾಳೆ.
ಹಿತ್ತಾಳೆ ಇನ್ನೂ ಬಿಸಿ,
ಕೈಗವಸಿನ ತೂತಿನಿಂದ ಬೆರಳ ತುದಿ ಚುರುಕ್ಕೆನ್ನುತ್ತದೆ.
ಹುಸಿಗುಂಡು, ಮೂತಿಗೆ ಸೀಸವಿಲ್ಲ,
ಬರೀ ಮದ್ದು, ಬರೀ ಸದ್ದು.
ಆದರೂ ಲೆಕ್ಕ ಲೆಕ್ಕವೇ:
ಕೊಟ್ಟದ್ದೆಷ್ಟು, ಸಿಡಿದದ್ದೆಷ್ಟು, ಮರಳಿದ್ದೆಷ್ಟು,
ಆಯುಧ ಕಾಯುವ ರಾಂಗೆಲ್‌ನ ಪುಸ್ತಕದಲ್ಲಿ ಮೂರು ಕಾಲಂ.

ತೆರೆಯ ಮೇಲೆ ನಾಯಕನಿಗೆ ಕಾಲಂ ಇಲ್ಲ.
ಮೂವತ್ತು ಹಿಡಿಯುವ ಡಬ್ಬಿಯಿಂದ
ಇನ್ನೂರು ಹಾರಿಸುತ್ತಾನೆ.
ಅಕ್ಷಯಪಾತ್ರೆ ಅನ್ನೋಣವೆಂದರೆ
ಅದರ ಅಂಚಿಗೆ ಅಗುಳೊಂದಾದರೂ ಅಂಟಿತ್ತು.

ಮನೆಯಲ್ಲಿ ಅವಳ ಗಂಡ ಗ್ರೋಜ್ದಾನ್,
ಕಜಾನ್ಲಕ್ ಕಣಿವೆಯವನು.
ಆ ಕಣಿವೆಯಲ್ಲಿ ಗುಲಾಬಿಯೂ ಬೆಳೆಯುತ್ತದೆ, ಕೋವಿಯೂ ತಯಾರಾಗುತ್ತದೆ.
ನಮ್ಮ ನುಡಿಯಲ್ಲಿ ತೋಟಕ್ಕೂ ತೋಟಾಕ್ಕೂ ನಡುವೆ
ಒಂದು ದೀರ್ಘ,
ಅಲ್ಲಿ ಒಂದು ಬೇಲಿ.
ಇಪ್ಪತ್ತೆರಡು ವರ್ಷ ಕೋವಿಯ ಸ್ಪ್ರಿಂಗು ಪರೀಕ್ಷಿಸಿ
ಎಡಗಿವಿಯನ್ನು ಕಾರ್ಖಾನೆಯಲ್ಲೇ ಬಿಟ್ಟುಬಂದ.
ಮೊಮ್ಮಗ ಲ್ಯುಬೆನ್ ಟೀವಿಯೆದುರು ಕೂತು
ಆಟದಲ್ಲಿ ಊರಿಗೆ ಊರೇ ಉರುಳಿಸುವಾಗ
ಬಲಗಿವಿ ಕೊಟ್ಟು ಎಣಿಸುತ್ತಾನೆ:
ಮೂವತ್ತು, ಮೂವತ್ತೊಂದು, ತೊಂಬತ್ತು…
ನಳಿಗೆ ಇಷ್ಟೊತ್ತಿಗೆ ಕೆಂಪಗೆ ಕಾದಿರಬೇಕು ಕಣೋ!
ಅಜ್ಜಾ, ಇದು ಮುಗಿಯದ ತೋಟಾ. ಕೊಂಡುಕೊಂಡೆ.
ಎಷ್ಟಕ್ಕೆ?
ನೂರೈವತ್ತು ನಾಣ್ಯ.
ಅಗ್ಗ, ಅನ್ನುತ್ತಾನೆ ಗ್ರೋಜ್ದಾನ್,
ಸಕ್ಕರೆ ಹಾಕದ ಚಹಾ ಕಲಕುತ್ತ.

ಮೊನ್ನೆ ಗುರುವಾರ, ನವೆಂಬರಿನ ಕೊರೆಯುವ ಸಂಜೆ.
ಕೊಟ್ಟದ್ದು ನಾಲ್ಕು ಸಾವಿರದ ಎಂಟುನೂರು.
ಬಕೆಟ್ಟು ತೂಗಿ, ಸುರಿದು ಎಣಿಸಿ,
ಮತ್ತೆ ಎಣಿಸಿ,
ಒಂದು ಕಡಿಮೆ.
ರಾಂಗೆಲ್ ಗೇಟು ಹಾಕಿಸಿದ.

ಆಗ ನೋಡಬೇಕಿತ್ತು.
ನಿರ್ದೇಶಕ ಮಂಡಿಯೂರಿದ.
ಯಾರೆದುರೂ ಬಗ್ಗದ ನಾಯಕ
ಬಾಯಲ್ಲಿ ಟಾರ್ಚು ಕಚ್ಚಿ ಅಂಬೆಗಾಲಿಟ್ಟ.
ಬೆಳಗಿನಿಂದ ಹದಿನಾಲ್ಕು ಸಲ ಸತ್ತ ಅಸೆನ್
ಒಣಗಿದ ಬಣ್ಣದ ರಕ್ತ ಕೆರೆದುಕೊಳ್ಳುತ್ತ
ಕೊಂದವನ ಪಕ್ಕದಲ್ಲೇ ಮರಳು ಜರಡಿ ಹಿಡಿದ.
ಉರುಳಿದ್ದ ಸೇನೆಯೆಲ್ಲ ಎದ್ದುಬಂದು
ಕಿರುಬೆರಳುದ್ದದ ಹಿತ್ತಾಳೆಗಾಗಿ
ನೆಲ ತಡಕಿತು.
ಹೆಣಗಳನ್ನು ಯಾರೂ ಹೀಗೆ ಎಣಿಸಿರಲಿಲ್ಲ.

ಹೇಗೂ ಎಲ್ಲರೂ ಸುಮ್ಮನಿದ್ದಾರೆಂದು
ಧ್ವನಿ ಹಿಡಿಯುವ ಇಸ್ಕ್ರಾ ಮೈಕು ಎತ್ತಿದಳು.
ಪ್ರತಿ ಸೆಟ್ಟಿನಲ್ಲೂ ಅರೆನಿಮಿಷ ಖಾಲಿ ಸದ್ದು ಹಿಡಿದಿಡಬೇಕು,
ಕಸುಬಿನ ಕಟ್ಟಳೆ.
ಬೆರಳು ಮರಳ ಸವರುವುದು,
ಯಾರದೋ ಮಂಡಿ ಲಟಕ್ಕೆಂದದ್ದು,
ವಿತೋಶಾ ಬೆಟ್ಟ ಇಳಿದು ಬರುವ ಗಾಳಿ:
ಇಡೀ ಚಿತ್ರದ ಅಡಿಗೆ ಹಾಸುತ್ತಾರೆ ಅದನ್ನು.
ಮೇಲೆ ದಡದಡ.

ಸಿಕ್ಕಿದ್ದು ಎಂಟೂ ಇಪ್ಪತ್ತಕ್ಕೆ,
ಅಸೆನ್‌ನ ಪ್ಯಾಂಟಿನ ಮಡಿಕೆಯಲ್ಲಿ,
ತಣ್ಣಗೆ.
ಎಲ್ಲರೂ ಸತ್ತವನನ್ನು ಬೈದು
ಆಮೇಲೆ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಉಡುಪಿನ ಕೋಣೆಗೆ ಬೀಗ ಬಿದ್ದಿತ್ತು.
ಅದೇ ಅಂಗಿಯಲ್ಲಿ ಅಸೆನ್, ಹಿಂದೆ ದೊಬ್ರಿಂಕಾ,
ಕೊನೆಯ ಬಸ್ಸು ಹತ್ತಿದರು.
ಎದೆಯ ಮೇಲಿನ ಏಳು ತೂತು ನೋಡಿ
ಊರುಗೋಲಿನ ಮುದುಕಿಯೊಬ್ಬಳು
ಕಷ್ಟಪಟ್ಟು ಎದ್ದು ಸೀಟು ಬಿಟ್ಟುಕೊಟ್ಟಳು.

ಬಣ್ಣ, ಬರೀ ಬಣ್ಣ, ಅನ್ನಬೇಕೆಂದು ಬಾಯಿ ತೆರೆದ.
ಮುದುಕಿ ಅವನ ಹೆಗಲು ಒತ್ತಿದಳು.
ಕೂತ.