ಇ. ಜೆ., ನಿನ್ನ ಹಲ್ಲುನೋವು

ಇ. ಜೆ., ನೀನು ಯಾರೋ ನನಗೆ ಗೊತ್ತಿಲ್ಲ.
ತಳದ ಹಲಗೆ ಕಿತ್ತ ದಿನ
ಎಡಗಡೆ ಏಳನೇ ಪಕ್ಕೆಲುಬಿನ ಮೇಲೆ
ಸೀಸದಕಡ್ಡಿಯ ನಿನ್ನ ಬರಹ ಸಿಕ್ಕಿತು:
‘ಇ. ಜೆ. ಮಾರ್ಚ್ ೪, ೧೯೪೮. ಹಲ್ಲುನೋವು.’
ಅಷ್ಟೆ.
ಎಪ್ಪತ್ತಾರು ವರ್ಷ ಕತ್ತಲಲ್ಲಿ
ಎಣ್ಣೆಜಿಡ್ಡಿನ ನೀರಿನ ಒತ್ತಿಗೆ
ಆ ಹಲ್ಲು ನೋಯುತ್ತಲೇ ಇತ್ತು.

ಇಲ್ಲಿ ಹೆಸೆಲ್‌ನಲ್ಲಿ ಹ್ಯೂರನ್ ಸರೋವರ ಹೆಪ್ಪುಗಟ್ಟಿ
ಅದರ ಮೇಲೆ ಲಾರಿ ಓಡುವ ತಿಂಗಳು.
ಶೆಡ್ಡಿನಲ್ಲಿ ನಾನು, ಸೀಮೆಎಣ್ಣೆ ಒಲೆ,
ವಾರಕ್ಕೆ ಮೂರು ದಿನ ವೆಂಡೆಲ್ ಕಡಾಟ್.
ಮೂರು ಸಾವಿರದ ಚಿಲ್ಲರೆ ಕಂಚಿನ ತಿರುಪು:
ಎಣಿಸಿದ್ದು ವೆಂಡೆಲ್, ನಾನಲ್ಲ.
ಒಂದೊಂದರ ಸೀಳಿನಲ್ಲೂ ಹಳೆಯ ಬಣ್ಣ,
ಉಗುರುಸಂದಿಯ ಮಣ್ಣಿನ ಹಾಗೆ.

ಓಕ್ ಕೋಲನ್ನು ಆವಿಪೆಟ್ಟಿಗೆಯಲ್ಲಿ ಒಂದು ಗಂಟೆ ಬೇಯಿಸಿದರೆ
ಅರೆ ನಿಮಿಷ ಮಾತ್ರ ಹೇಳಿದ ಮಾತು ಕೇಳುತ್ತದೆ.
ಆಮೇಲೆ ಅದರದೇ ಹಟ.
ಆ ಅರೆ ನಿಮಿಷದಲ್ಲೇ
ನಾವಿಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಕೂಡ.

ತಿರುಪಿನ ತಲೆಗೊಂದು ಮಹಾಗನಿ ಬಿರಡೆ,
ಬಿರಡೆಯ ಎಳೆ ಹಲಗೆಯ ಎಳೆಗೆ ಕೂಡಬೇಕು,
ಬಾಚಿದ ಕೂದಲು ಒಂದೇ ಕಡೆ ಬಿದ್ದ ಹಾಗೆ.
ನಿನ್ನವೆಲ್ಲ ಹಾಗೇ ಇದ್ದವು,
ಚುಕ್ಕಾಣಿಯ ಬಲಕ್ಕಿರುವ ಒಂದನ್ನು ಬಿಟ್ಟು.
ಅದು ಅಡ್ಡ.
ಆ ಹೊತ್ತು ನೋವು ನೆತ್ತಿಗೇರಿತ್ತೇನೋ.
ಅದನ್ನು ಕೀಳಲಿಲ್ಲ ನಾನು.
ಹದಿನಾಲ್ಕು ಕೈ ಮೆರುಗೆಣ್ಣೆ ಅದರ ಮೇಲೂ ಬಿತ್ತು.
ಹನ್ನೊಂದನೆಯದರಲ್ಲಿ ಒಂದು ನೊಣವೂ ಬಿತ್ತು,
ಮತ್ತೆ ಉಜ್ಜಿದೆವು.

ದೋಣಿಯ ಒಡೆಯ ಪ್ರೆಸ್ಕಾಟ್, ಸಿನ್ಸಿನಾಟಿಯಿಂದ ಫೋನು:
‘ತಳಕ್ಕೆ ಎಪಾಕ್ಸಿ ಬಳಿದು ಮುಗಿಸಿ,
ಅಜ್ಜನ ಕಾಲದ ರಗಳೆ ಯಾಕೆ?’
ಬಳಿದರೆ ಹನಿ ನೀರೂ ಬಾರದು, ನಿಜ.
ಆದರೆ ಬಾಯಿ ಕಟ್ಟಿದ ಮರಕ್ಕೆ
ನೀರಿನ ಜೊತೆ ಮಾತೇ ಉಳಿಯದು ಅಂದೆ.
ಅವನಿಗೆ ಅರ್ಥವಾಗಲಿಲ್ಲ,
ಬಿಲ್ಲು ಕಡಿಮೆಯಾಗುತ್ತದೆ ಎಂಬುದು ಅರ್ಥವಾಯಿತು.

ತಳ ಮುಚ್ಚುವ ಮುನ್ನ
ನಿನ್ನ ಸಾಲಿನ ಕೆಳಗೆ ನನ್ನದೊಂದು ಬರೆದೆ:
‘ಆರ್ಡಿಸ್ ಪ. ಏಪ್ರಿಲ್ ೯. ಹಲ್ಲು ಸರಿ ಇದೆ. ಮೊಣಕಾಲು ಮಾತ್ರ.’
ವೆಂಡೆಲ್ ತನ್ನ ಹೆಸರು ಬರೆದು
ಪಕ್ಕದಲ್ಲೊಂದು ಮೀನು ಬಿಡಿಸಿದ,
ಬಾಲ ದೊಡ್ಡದಾಯಿತು.

ಮೇ ತಿಂಗಳಲ್ಲಿ ನೀರಿಗಿಳಿಸಿದೆವು.
ಬೆನ್ನಿಗೆ ಚಿನ್ನದ ರೇಕಿನಲ್ಲಿ ಹೆಸರು: ‘ಲೇಟ್ ಸಪ್ಪರ್’.
ಪ್ರೆಸ್ಕಾಟ್ ಬಿಳಿ ಬೂಟು ಹಾಕಿಕೊಂಡು ಬಂದಿದ್ದ.
ಮೊದಲು ಆ ಅಡ್ಡ ಬಿರಡೆ ನೋಡಿ ‘ಇದು ತಪ್ಪು’ ಅಂದ.
‘ಹೌದು’ ಅಂದೆ.
ಆಮೇಲೆ ಒಳಗೆ ನೋಡಿದ.
ಸಂದುಸಂದಿನಿಂದ ನೀರು, ಸದ್ದಿಲ್ಲದೆ,
ಕರೆಯದ ನೆಂಟರಂತೆ ಬಂದು ಕೂರುತ್ತಿತ್ತು.
‘ಮುಳುಗುತ್ತಿದೆ!’
‘ಮುಳುಗಲಿ. ಪಟ್ಟಿ ಹಿಡಿದಿದೆ.’
ಮುಳ್ಳನ್ನು ಮುಳ್ಳಿನಿಂದ ತೆಗೆಯುವುದಾದರೆ
ನೀರನ್ನು ನೀರಿನಿಂದಲೇ ತಡೆಯಬೇಕು:
ಒಣಗಿದ್ದು ಕುಡಿಯಬೇಕು, ಕುಡಿದು ಉಬ್ಬಬೇಕು,
ಉಬ್ಬಿ ಪಕ್ಕದವನ ಭುಜಕ್ಕೆ ಭುಜ ಕೊಡಬೇಕು.
ಅವನು ಊಟಕ್ಕೆ ಹೋದ. ಮರಳಿ ಬರಲಿಲ್ಲ.

ರಾತ್ರಿ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತೆ.
ಪಂಪು ಕುಡಿಯಿತು, ಉಗುಳಿತು, ಕುಡಿಯಿತು.
ಹನ್ನೆರಡಕ್ಕೆ ಹಾಗೇ. ಎರಡಕ್ಕೂ ಹಾಗೇ.
ಎರಡೂವರೆಗೆ ನನಗೂ ಭಯ, ಸುಳ್ಳೇಕೆ ಹೇಳಲಿ.
ನಾಲ್ಕು ದಾಟಿದ ಮೇಲೆ ದನಿ ಬದಲಾಯಿತು:
ಬರಿಗಂಟಲ ಗೊರಗೊರ.
ಪಂಪು ನಿಲ್ಲಿಸಿ, ಹಲಗೆಗೆ ಕಿವಿ ಇಟ್ಟೆ.
ಒಳಗೆಲ್ಲೋ ಕಿರ್ ಎಂದಿತು,
ಒಂದೊಂದೇ ಸಂದು
ಹಲ್ಲು ಕಚ್ಚಿ ಹಿಡಿದ ಹಾಗೆ.

ಇ. ಜೆ.,
ಕೊನೆಗೆ ಅದನ್ನು ಕೀಳಿಸಿದೆಯಾ?